ನನ್ನನ್ನು ಮತ್ತೆ ನಡೆಸಿದವರಿಗೆ

ಕೋಲು ಬಿಟ್ಟು ಓಡಾಡಬಹುದು ಅಂತ ಡಾಕ್ಟರು ಕಳೆದ ವಾರ ಒಪ್ಪಿಗೆ ಕೊಟ್ಟರು. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ತೋರಿಸೋಕೆ ಬರಬೇಕಾಗಿಲ್ಲ ಅಂದರು. ಸುದ್ದಿ ತಿಳಿದು ಹಾಸನದಿಂದ, ಬೆಂಗಳೂರಿಂದ, ಇಲ್ಲಿನ ಊರುಗಳಿಂದ ತುಂಬಾ ಜನ ಫೋನ್ ಮಾಡಿದಿರಿ. ಒಬ್ಬೊಬ್ಬರಿಗೇ ಉತ್ತರ ಹೇಳುತ್ತಾ ಹೋದರೆ ಯಾರನ್ನಾದರೂ ಮರೆತುಬಿಡುತ್ತೇನೆ ಅನ್ನೋ ಭಯ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಹಾಸನದ ಕಡೆ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದವನು. ರಿಟೈರ್ ಆದ ಮೇಲೆ ಮಗಳ ಮನೆಗೆ ಅಂತ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದೆವು, ನಾನು, ನನ್ನಾಕೆ. ಜನವರಿಯಲ್ಲಿ ಮನೆ ಮುಂದೆಯೇ ಹಿಮಗಡ್ಡೆಯ ಮೇಲೆ ಜಾರಿ ಬಿದ್ದೆ. ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಆಪರೇಷನ್ ಮಾಡಿ ಒಳಗೆ ರಾಡ್ ಕೂರಿಸಿದರು. ಮೈದಾನದಲ್ಲೇ ಬದುಕು ಕಳೆದವನಿಗೆ ಬಚ್ಚಲಿಗೆ ಹೋಗೋಕೂ ಇನ್ನೊಬ್ಬರ ಹೆಗಲು ಬೇಕಾಯಿತು.

ಮೊದಲು ನನ್ನಾಕೆಗೆ. ಆಸ್ಪತ್ರೆಯ ಕುರ್ಚಿಯಲ್ಲಿ ನಿದ್ದೆಗೆಟ್ಟು ಕೂತವಳು ಅವಳು. ಮಗಳು, ಅಳಿಯ ಕೆಲಸದ ಜೊತೆಗೇ ನನ್ನನ್ನೂ ನೋಡಿಕೊಂಡರು. ಒಂದು ಸಲವೂ ಮುಖ ಸಿಂಡರಿಸಲಿಲ್ಲ. ವಿಮೆಯವರು ಕೊಟ್ಟಿದ್ದು ಬಿಲ್ಲಿನ ಒಂದು ಭಾಗ ಮಾತ್ರ. ಉಳಿದಿದ್ದಕ್ಕೆ ಇಲ್ಲಿನ ಕನ್ನಡ ಕೂಟದವರು ಕೇಳದೆಯೇ ಕೈ ಜೋಡಿಸಿದರು. ಅವರ ಮನೆಗಳಿಂದ ಬಂದ ಸಾರು, ಸೊಪ್ಪಿನ ಪಲ್ಯ, ಒಂದು ಭಾನುವಾರ ಬಿಸಿಬಿಸಿ ಮುದ್ದೆ ಮತ್ತು ಬಸ್ಸಾರು, ಇದನ್ನೆಲ್ಲ ನಾನು ಮರೆಯುವವನಲ್ಲ. ನನ್ನ ಹಳೇ ವಿದ್ಯಾರ್ಥಿಗಳು ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ "ಸಾರ್, ಇವತ್ತು ಎಷ್ಟು ಹೆಜ್ಜೆ?" ಅಂತ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಅಂತಲೇ ಎಷ್ಟೋ ದಿನ ಮಂಚದಿಂದ ಎದ್ದಿದ್ದೇನೆ.

ಫಿಸಿಯೋಥೆರಪಿ ಮಾಡಿಸಿದ ಹುಡುಗಿಗೂ ನನ್ನ ನಮಸ್ಕಾರ. ನೋವಾದರೆ ನಿಲ್ಲಿಸಿ ಅಂತ ಅವಳು ಹೇಳಲಿಲ್ಲ. ಎಂಥ ನೋವು ಅಂತ ಕೇಳಿ, ಯಾವುದಕ್ಕೆ ನಿಲ್ಲಬೇಕು, ಯಾವುದನ್ನು ದಾಟಬೇಕು ಅಂತ ತಿಳಿಸಿದಳು. ನಮ್ಮ ಶಾಲೆಗಳಲ್ಲಿ ಆಟ ಕಲಿಸುವವರೆಲ್ಲ ಇದನ್ನು ಕಲಿಯಬೇಕು.

ಇನ್ನೊಬ್ಬರಿಗೆ ಥ್ಯಾಂಕ್ಸ್ ಹೇಳೋದಿದೆ. ಅವರು 2011ರಲ್ಲೇ ತೀರಿಕೊಂಡರು. ಅವರ ಹೆಸರು ಜೇಮ್ಸ್ ಆರ್ನೆಸ್. ಟೀವಿಯಲ್ಲಿ ಇಪ್ಪತ್ತು ವರ್ಷ ಕೌಬಾಯ್ ಕಾಲದ ಮಾರ್ಷಲ್ ಆಗಿ, ಅಂದರೆ ಕಾನೂನು ಕಾಯುವ ಅಧಿಕಾರಿಯಾಗಿ, ನಟಿಸಿದವರು. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಹಾಗಾಗಿ ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಅವರನ್ನು ಪರಿಚಯ ಮಾಡಿಸಿದ್ದು ಪಕ್ಕದ ಮನೆಯ ಹಿರಿಯರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ನನ್ನ ಜೊತೆ ಬಂದು ಕೂರುತ್ತಿದ್ದರು. ಹಳೆಯ ಧಾರಾವಾಹಿಗಳ ಚಾನೆಲ್‌ನಲ್ಲಿ 'ಗನ್‌ಸ್ಮೋಕ್' ಬರುತ್ತಿತ್ತು. ಚಿಕ್ಕಂದಿನಲ್ಲಿ ಶನಿವಾರ ರಾತ್ರಿ ಅಪ್ಪನ ಪಕ್ಕ ಕೂತು ಇದನ್ನೇ ನೋಡುತ್ತಿದ್ದರಂತೆ. ಪರದೆಯಲ್ಲಿ ಎತ್ತರದ ಮಾರ್ಷಲ್ ಕಂಡಾಗ ಹೇಳಿದರು: ಈತ ಇದೇ ಊರಿನವನು, ಈತನ ಬಲಗಾಲಿಗೂ ಗುಂಡು ಬಿದ್ದಿತ್ತು, ನೀವು ಆ ಕಾಲನ್ನೇ ನೋಡುತ್ತಿರಿ.

ಅವತ್ತಿಂದ ನಾನು ಆ ಕಾಲನ್ನೇ ನೋಡಿದೆ.

ಆರ್ನೆಸ್ ಹುಟ್ಟಿದ್ದು 1923ರ ಮೇ 26ರಂದು, ಮಿನಿಯಾಪೊಲಿಸ್‌ನಲ್ಲಿ. ತಂದೆಯ ಮನೆತನ ನಾರ್ವೆ ಮೂಲದ್ದು. ಓದಿನಲ್ಲಿ ಮುಂದಿರಲಿಲ್ಲ. ಇಲ್ಲಿನ ರೈಲ್ವೆ ಯಾರ್ಡಿನಲ್ಲಿ ಬೋಗಿಗಳಿಗೆ ಸಾಮಾನು ತುಂಬಿದರು, ಇಡಾಹೊ ಕಾಡಿನಲ್ಲಿ ಮರ ಕಡಿದರು. ಎರಡನೇ ಮಹಾಯುದ್ಧ ಶುರುವಾದಾಗ ನೌಕಾಪಡೆಯ ಪೈಲಟ್ ಆಗುವ ಆಸೆ ಇತ್ತು. ಆದರೆ ಪೈಲಟ್‌ಗಳು 6 ಅಡಿ 2 ಅಂಗುಲ ಮೀರಬಾರದಿತ್ತು. ಇವರು 6 ಅಡಿ 7 ಅಂಗುಲ. ಕಣ್ಣಿನ ದೃಷ್ಟಿಯೂ ಸಾಲಲಿಲ್ಲ. ಭೂಸೇನೆಯ ಕಾಲಾಳುಪಡೆಗೆ ಸೇರಿಸಿದರು.

1944ರ ಜನವರಿ 22ರಂದು ಅವರ ಪಡೆ ಇಟಲಿಯ ಆಂಜಿಯೊ ಕಡಲತೀರಕ್ಕೆ ಇಳಿಯಿತು. ದೋಣಿಯಿಂದ ಮೊದಲು ಇಳಿಯಲು ಹೇಳಿದ್ದು ಇವರಿಗೆ. ಕಾರಣ ಇವರ ಎತ್ತರ. ನೀರು ಎಷ್ಟು ಆಳ ಅಂತ ಇವರನ್ನು ನೋಡಿ ಉಳಿದವರು ತಿಳಿಯಬೇಕಿತ್ತು. ನೀರು ಸೊಂಟದವರೆಗೆ ಬಂತು. ಇದನ್ನು ಕೇಳಿದಾಗ ಇಪ್ಪತ್ತರ ಆ ಹುಡುಗ ಕತ್ತಲಲ್ಲಿ ತಣ್ಣನೆ ನೀರಿಗೆ ಕಾಲಿಡುವುದು ಕಣ್ಣಿಗೆ ಕಟ್ಟಿತು. ಹತ್ತು ದಿನ ಕಳೆಯುವಷ್ಟರಲ್ಲಿ ಜರ್ಮನ್ ಮೆಷಿನ್ ಗನ್ನಿನ ಗುಂಡುಗಳು ಬಲಗಾಲಿನ ಮೂಳೆಯನ್ನು ಪುಡಿ ಮಾಡಿದವು. ಹಡಗಿನಲ್ಲಿ ವಾಪಸ್ ಕರೆತಂದು ಅಯೋವಾ ರಾಜ್ಯದ ಕ್ಲಿಂಟನ್ ಊರಿನ ಸೈನಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ, ಸೇನೆಯಿಂದ ಬಿಡುಗಡೆ ಸಿಕ್ಕಿದ್ದು 1945ರ ಜನವರಿ ಕೊನೆಗೆ. ಹೆಚ್ಚುಕಡಿಮೆ ಒಂದು ವರ್ಷ! ನನಗೆ ರಾಡ್, ಒಳ್ಳೆಯ ಔಷಧ, ಮನೆಯವರು ಎಲ್ಲ ಇದ್ದೂ ತಿಂಗಳುಗಳು ಹಿಡಿದವು. ಆ ಕಾಲದಲ್ಲಿ, ಆ ಗಾಯಕ್ಕೆ, ಆ ವಯಸ್ಸಿನಲ್ಲಿ ಒಂದು ವರ್ಷ ಮಲಗೋದು ಅಂದರೆ ಏನು ಅಂತ ಈಗ ಸ್ವಲ್ಪ ಅರ್ಥವಾಗುತ್ತದೆ.

ಆಸ್ಪತ್ರೆಗೆ ನೋಡಲು ಬಂದ ತಮ್ಮ, ರೇಡಿಯೋದಲ್ಲಿ ಯಾಕೆ ಪ್ರಯತ್ನಿಸಬಾರದು ಅಂದನಂತೆ. ಧ್ವನಿ ಚೆನ್ನಾಗಿತ್ತು, ಕೂತು ಮಾಡುವ ಕೆಲಸ. ಆ ತಮ್ಮನೇ ಮುಂದೆ ದೊಡ್ಡ ಟೀವಿ ನಟನಾದ ಪೀಟರ್ ಗ್ರೇವ್ಸ್. 1945ರಲ್ಲಿ ಆರ್ನೆಸ್ ಮಿನಿಯಾಪೊಲಿಸ್‌ನ ರೇಡಿಯೋ ಸ್ಟೇಷನ್ನಿನಲ್ಲಿ ಅನೌನ್ಸರ್ ಆದರು. ಆಮೇಲೆ ದಾರಿಯಲ್ಲಿ ಸಿಕ್ಕ ವಾಹನ ಹತ್ತಿಕೊಂಡು ಹಾಲಿವುಡ್ ತಲುಪಿದರು.

ಅಲ್ಲಿನ ಮೊದಲ ವರ್ಷಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. 1947ರಲ್ಲಿ ಮೊದಲ ಸಿನಿಮಾ, ನಾಯಕಿಯ ಅಣ್ಣತಮ್ಮಂದಿರಲ್ಲಿ ಒಬ್ಬನ ಪಾತ್ರ. 1951ರಲ್ಲಿ ಬೇರೆ ಗ್ರಹದ ಜೀವಿಯ ಪಾತ್ರ. ಅಷ್ಟು ಎತ್ತರದವರನ್ನು ಪಕ್ಕ ನಿಲ್ಲಿಸಿಕೊಳ್ಳಲು ಬಹಳ ನಾಯಕರು ಒಪ್ಪುವುದಿಲ್ಲ ಅಲ್ವಾ? ಆಗಿನ ಹೆಸರಾಂತ ನಾಯಕ ನಟ ಜಾನ್ ವೇನ್ ಒಪ್ಪಿದರು. ತಮ್ಮ ಕಂಪನಿಯ ಸಿನಿಮಾಗಳಲ್ಲಿ ಅವಕಾಶ ಕೊಟ್ಟರು. 1955ರ ಸೆಪ್ಟೆಂಬರ್ 10ರಂದು ಸಿಬಿಎಸ್ ಟೀವಿಯಲ್ಲಿ ಗನ್‌ಸ್ಮೋಕ್ ಮೊದಲ ಕಂತು ಬಂದಾಗ, ಶುರುವಿನಲ್ಲಿ ಬಂದು ಆರ್ನೆಸ್ ಅವರನ್ನು ಜನರಿಗೆ ಪರಿಚಯಿಸಿದವರೂ ಜಾನ್ ವೇನ್. ಬೆಳೆದ ನಟ ಬೆಳೆಯುವ ನಟನ ಕೈ ಹಿಡಿದದ್ದನ್ನು ನೋಡಿ ನನಗೆ ಮನಸ್ಸು ತುಂಬಿ ಬಂತು.

ಕತೆ ನಡೆಯುವುದು ಕ್ಯಾನ್ಸಸ್‌ನ ಡಾಡ್ಜ್ ಸಿಟಿಯಲ್ಲಿ, 1870ರ ದಶಕದ ಸುಮಾರಿಗೆ. ದನಗಳ ವ್ಯಾಪಾರ, ಕುಡಿತ, ಜಗಳ ಎಲ್ಲ ಇರುವ ಊರು. ಆರ್ನೆಸ್ ಅಲ್ಲಿನ ಮಾರ್ಷಲ್ ಮ್ಯಾಟ್ ಡಿಲನ್. ಬಾರ್ ನಡೆಸುವ ಮಿಸ್ ಕಿಟ್ಟಿಯಾಗಿ ಅಮಂಡಾ ಬ್ಲೇಕ್, ಡಾಕ್ಟರ್ ಆಗಿ ಮಿಲ್ಬರ್ನ್ ಸ್ಟೋನ್. ನನಗೆ ತುಂಬಾ ಹಿಡಿಸಿದ್ದು ಡಿಲನ್ ಮಾತು ಕಡಿಮೆ ಆಡುವುದು. ಎದುರಿಗಿರುವವನು ಮಾತು ಮುಗಿಸುವವರೆಗೆ ಕಾಯುತ್ತಾನೆ. ಗುಂಡು ಹಾರಿಸಿದ ಮೇಲೆ ಅವನ ಮುಖದಲ್ಲಿ ಗೆದ್ದ ಸಂತೋಷ ಇರುವುದಿಲ್ಲ. ಯುದ್ಧ ನೋಡಿ ಬಂದ ಮನುಷ್ಯನ ಮುಖ ಅದು ಅಂತ ನನ್ನ ನಂಬಿಕೆ. ಪಕ್ಕದ ಮನೆಯವರೂ ಹೌದು ಅಂದರು.

ಈಗ ಕಾಲಿನ ವಿಷಯ. ಡಿಲನ್‌ನ ಸಹಾಯಕ ಚೆಸ್ಟರ್ ಕಾಲು ಎಳೆದು ನಡೆಯುತ್ತಾನೆ. ಆ ಪಾತ್ರ ಮಾಡಿದ ಡೆನಿಸ್ ವೀವರ್ ಅವರ ಕಾಲು ಗಟ್ಟಿಮುಟ್ಟಾಗಿತ್ತು. ಕಾಲೇಜಿನಲ್ಲಿ ಒಳ್ಳೆಯ ಓಟಗಾರ. 1948ರ ಒಲಿಂಪಿಕ್ಸ್‌ಗೆ ನಡೆದ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಡೆಕಾಥ್ಲಾನ್‌ಗೆ, ಅಂದರೆ ಓಟ, ಜಿಗಿತ, ಎಸೆತ ಸೇರಿ ಹತ್ತು ಸ್ಪರ್ಧೆಗಳ ಆಟಕ್ಕೆ, ಇಳಿದಿದ್ದವರು. ಅವರು ಮೊಣಕಾಲು ಮಡಿಸದೆ ಕುಂಟಿದರು. ಅದೂ ಸುಲಭದ ಕೆಲಸವಲ್ಲ, ವರ್ಷಗಟ್ಟಲೆ ಹಾಗೆ ನಡೆಯೋಕೆ ಒಳ್ಳೆಯ ದೇಹವೇ ಬೇಕು. ನಿಜವಾಗಿ ಕಾಲು ನೋಯುತ್ತಿದ್ದ ಆರ್ನೆಸ್, ವೀವರ್ ಪಕ್ಕದಲ್ಲಿ ನೆಟ್ಟಗೆ ನಿಂತರು. ಒಂದೇ ಚೌಕಟ್ಟಿನಲ್ಲಿ ಇವರಿಬ್ಬರನ್ನು ನೋಡುವಾಗ ನನ್ನೊಳಗಿನ ಪಿ.ಟಿ. ಮೇಷ್ಟ್ರು ಎದ್ದು ಕೂರುತ್ತಿದ್ದ.

ಆರ್ನೆಸ್ ಕುದುರೆ ಹತ್ತುವುದನ್ನು ಗಮನಿಸಿ. ರೂಢಿಯಂತೆ ಎಡಗಡೆಯಿಂದ ಹತ್ತುತ್ತಾರೆ. ಎಡಗಾಲು ಜೀನಿಗೆ ತೂಗುವ ರಿಕಾಪಿನಲ್ಲಿ, ಬಲಗಾಲನ್ನು ಬೀಸಿ ಕುದುರೆಯ ಬೆನ್ನು ದಾಟಿಸಬೇಕು. ಇಳಿಯುವಾಗ ಮೊದಲು ನೆಲ ಮುಟ್ಟುವುದು ಬಲಗಾಲೇ. ಅಷ್ಟು ಎತ್ತರದ ಮೈಯ ಭಾರವೆಲ್ಲ ಗುಂಡು ತಿಂದ ಆ ಕಾಲಿನ ಮೇಲೆ ಬೀಳುತ್ತದೆ. ಕುದುರೆ ಹತ್ತಿದರೆ ಅವರಿಗೆ ಎಷ್ಟೋ ಸಲ ನೋವು ಹೆಚ್ಚಾಗುತ್ತಿತ್ತು. ಕೊನೆಯ ತನಕ ಆ ನೋವು ಅವರನ್ನು ಬಿಡಲಿಲ್ಲ. ಹಾಗಿದ್ದೂ ಅವರು ಹತ್ತಿದರು, ಇಳಿದರು. ಮೊದಲ ವರ್ಷಗಳಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 39 ಕಂತು. 1975ರ ಮಾರ್ಚ್ 31ಕ್ಕೆ ನಿಲ್ಲುವಾಗ ಒಟ್ಟು 635 ಕಂತು. ಗಮನವಿಟ್ಟು ನೋಡಿದರೆ ಅಲ್ಲಲ್ಲಿ ನಡಿಗೆಯಲ್ಲಿ ಸಣ್ಣ ಕುಂಟು ಕಾಣುತ್ತದೆ. ಅದು ಕಂಡಾಗಲೆಲ್ಲ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ನನ್ನ ವ್ಯಾಯಾಮಗಳನ್ನು ಆ ಹೊತ್ತಿಗೇ ಇಟ್ಟುಕೊಂಡೆ. ಕಂತು ನಡೆಯುವಾಗ ಕೂತು ಮೊಣಕಾಲು ಮಡಿಸಿ ಬಿಡಿಸುವುದು. ಜಾಹೀರಾತು ಬಂದರೆ ಎದ್ದು ಮೇಜು ಹಿಡಿದು ನಿಲ್ಲುವುದು. ನಾನು ಕೂತುಬಿಟ್ಟರೆ ಪಕ್ಕದ ಮನೆಯವರು ಸುಮ್ನೆ ಟೀವಿ ಕಡೆ ಬೆರಳು ತೋರಿಸುತ್ತಿದ್ದರು. ನಾನು ಮತ್ತೆ ಏಳುತ್ತಿದ್ದೆ. ನಮ್ಮಿಬ್ಬರ ನಡುವೆ ಇದಕ್ಕಿಂತ ಜಾಸ್ತಿ ಮಾತು ಬೇಕಾಗುತ್ತಿರಲಿಲ್ಲ.

ಆರ್ನೆಸ್ ಅವರಿಗೆ ಅಮೆರಿಕದ ಟೀವಿಯವರಿಗೆ ಕೊಡುವ ದೊಡ್ಡ ಪ್ರಶಸ್ತಿ, ಎಮ್ಮಿ, ಬರಲಿಲ್ಲ. ಮೂರು ಸಲ ಹೆಸರು ಪಟ್ಟಿಗೆ ಬಂದಿತ್ತು ಅಷ್ಟೆ. ಜೊತೆಗಾರರಾದ ವೀವರ್ ಮತ್ತು ಸ್ಟೋನ್ ಇಬ್ಬರಿಗೂ ಬಂತು. ನನಗೆ ಇದು ಬೇಸರದ ವಿಷಯವೇ. ನೆಟ್ಟಗೆ ನಿಂತವನ ಕಷ್ಟ ಯಾರಿಗೂ ಕಾಣುವುದಿಲ್ಲ. 1967ರಲ್ಲಿ ಧಾರಾವಾಹಿಯನ್ನೇ ನಿಲ್ಲಿಸಲು ಹೊರಟಿದ್ದರು. ಸಿಬಿಎಸ್ ಮುಖ್ಯಸ್ಥ ವಿಲಿಯಂ ಪೇಲಿ ಅಡ್ಡ ಬಂದು ಉಳಿಸಿದರು. ಆಮೇಲೆ ಇನ್ನೂ ಎಂಟು ವರ್ಷ ನಡೆಯಿತು. 1987ರಿಂದ 1994ರ ನಡುವೆ ಐದು ಟೀವಿ ಸಿನಿಮಾಗಳಲ್ಲಿ ಆರ್ನೆಸ್ ಮತ್ತೆ ಡಿಲನ್ ಆದರು. ಕೊನೆಯದು ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು.

ಇನ್ನೊಂದು ವಿಷಯ ನನ್ನ ವಿದ್ಯಾರ್ಥಿಗಳಿಗೆ ಇಷ್ಟವಾಗುತ್ತದೆ. ಆ ಕಾಲಿಟ್ಟುಕೊಂಡೇ ಅವರು ಕ್ಯಾಲಿಫೋರ್ನಿಯಾದ ಕಡಲಲ್ಲಿ ಹಲಗೆಯ ಮೇಲೆ ನಿಂತು ಅಲೆ ಹತ್ತುತ್ತಿದ್ದರು. ಮಗ ರಾಲ್ಫ್ 1970ರಲ್ಲಿ ಸರ್ಫಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ!

ಆರ್ನೆಸ್ ತೀರಿಕೊಂಡಿದ್ದು 2011ರ ಜೂನ್ 3ರಂದು, ಲಾಸ್ ಏಂಜಲೀಸ್‌ನ ಮನೆಯಲ್ಲಿ, 88ನೇ ವಯಸ್ಸಿಗೆ. ಅವರು ಪ್ರಚಾರದಿಂದ ದೂರ ಇದ್ದವರು, ಸಂದರ್ಶನ ಕೊಟ್ಟಿದ್ದೂ ಕಡಿಮೆ. ಆದರೆ ಸಾಯುವ ಮುಂಚೆಯೇ ಅಭಿಮಾನಿಗಳಿಗೆ ಒಂದು ಪತ್ರ ಬರೆದು ಹೆಂಡತಿ ಜಾನೆಟ್ ಕೈಯಲ್ಲಿಟ್ಟಿದ್ದರು, ತಾನು ಹೋದ ಮೇಲೆ ವೆಬ್‌ಸೈಟಿನಲ್ಲಿ ಹಾಕು ಅಂತ. ಅದರಲ್ಲಿ ಇಷ್ಟು ವರ್ಷ ನೋಡಿದ್ದಕ್ಕೆ, ಕಾಗದ ಬರೆದಿದ್ದಕ್ಕೆ ಜನರಿಗೆ ಥ್ಯಾಂಕ್ಸ್ ಹೇಳಿದ್ದರು. ಜೊತೆಯ ನಟರನ್ನು, ಹೆಂಡತಿಯನ್ನು ನೆನೆದಿದ್ದರು. ಆಂಜಿಯೊ ಹೆಸರೂ ಇತ್ತು. ಪಕ್ಕದ ಮನೆಯವರು ಅದನ್ನು ನನಗೆ ಓದಿ ಹೇಳಿದರು. ಹೇಳಬೇಕಾದ್ದನ್ನು ಕೋಲು ಬಿಟ್ಟ ತಕ್ಷಣ ಹೇಳಿಬಿಡಬೇಕು ಅಂತ ನಾನು ಅವತ್ತೇ ಗಟ್ಟಿ ಮಾಡಿಕೊಂಡೆ.

ಪಕ್ಕದ ಮನೆಯವರಿಗೆ ಕನ್ನಡ ಬರುವುದಿಲ್ಲ. ಮಗಳು ಈ ಬರಹವನ್ನು ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾಳೆ. ಅಯ್ಯಾ, ಆ ಮಧ್ಯಾಹ್ನಗಳಿಗೆ ನಾನು ಋಣಿ.

ಮುಂದಿನ ತಿಂಗಳು ನಾವು ಹಾಸನಕ್ಕೆ ಹೊರಡುತ್ತೇವೆ. ಹಣ ಸೇರಿಸಿದ ಕೂಟದವರು ಬೇಡ ಅಂದರೂ ನಾನು ಕೇಳುವುದಿಲ್ಲ. ಮಗಳು ಲೆಕ್ಕ ಬರೆದಿಟ್ಟಿದ್ದಾಳೆ, ಪಿಂಚಣಿಯಿಂದ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರುತ್ತದೆ. ನೀವು ಯಾರೇ ಊರಿಗೆ ಬಂದರೂ ನಮ್ಮ ಮನೆಯಲ್ಲೇ ಊಟ. ಹಳೇ ವಿದ್ಯಾರ್ಥಿಗಳೇ, ಬೆಳಗ್ಗೆ ಆರಕ್ಕೆ ಮೈದಾನದಲ್ಲಿರುತ್ತೇನೆ, ಬನ್ನಿ. ಓಡೋಕೆ ಇನ್ನೂ ಸ್ವಲ್ಪ ದಿನ ಬೇಕು. ಒಂದು ಸುತ್ತು ನಡೆಯೋಣ.