ಪೋಷಕ ಕುಟುಂಬದಲ್ಲಿರುವ ಮಗುವಿನ ದಾಖಲೆ ಮಗುವಿನ ಜೊತೆಗೇ ಸಾಗಲಿ

ಮಾನ್ಯ ಸಂಪಾದಕರಿಗೆ,

ಹೆತ್ತವರ ಮನೆಯಲ್ಲಿ ಉಳಿಯಲಾಗದ ಮಕ್ಕಳನ್ನು ಬಾಲಮಂದಿರದಲ್ಲೇ ಬೆಳೆಸುವ ಬದಲು, ಪರಿಶೀಲಿಸಿ ಆಯ್ಕೆ ಮಾಡಿದ ಕುಟುಂಬವೊಂದರ ಆರೈಕೆಗೆ ಒಪ್ಪಿಸುವ ಪೋಷಕತ್ವ ವ್ಯವಸ್ಥೆಗೆ 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಆಧಾರ ಒದಗಿಸಿದೆ. ಕಚೇರಿಗಳಲ್ಲಿ ಫಾಸ್ಟರ್ ಕೇರ್ ಎಂದು ಕರೆಯುವುದು ಇದನ್ನೇ. 2024ರ ಪರಿಷ್ಕೃತ ಮಾರ್ಗಸೂಚಿಯು 35 ವರ್ಷ ತುಂಬಿದ ಒಂಟಿ ವ್ಯಕ್ತಿಗಳಿಗೂ ಪೋಷಕರಾಗುವ ಅವಕಾಶ ನೀಡಿದೆ. ಸಾಕಿದ ಮಗುವನ್ನು ದತ್ತು ಪಡೆಯಲು ಮೊದಲಿದ್ದ ಐದು ವರ್ಷಗಳ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವು ದೊರೆಯುತ್ತದೆ. ಇವೆಲ್ಲ ಸ್ವಾಗತಾರ್ಹ. ಆದರೆ ಹೀಗೆ ಮನೆಯಿಂದ ಮನೆಗೆ, ಶಾಲೆಯಿಂದ ಶಾಲೆಗೆ ಹೋಗುವ ಮಗು ಇವತ್ತು ಎಲ್ಲಿದೆ, ಹೇಗಿದೆ ಎಂಬುದನ್ನು ಒಂದೇ ಕಡೆ ನೋಡಿ ತಿಳಿಯಲು ಬರುವಂಥ ದಾಖಲೆ ನಮ್ಮ ಜಿಲ್ಲೆಗಳಿಗೆ ಇನ್ನೂ ದಕ್ಕಿಲ್ಲವೆಂಬುದು, ಮೂರು ದಶಕ ಸರ್ಕಾರಿ ಶಾಲೆಯಲ್ಲಿ ದುಡಿದು ನಿವೃತ್ತಳಾದ ನನ್ನ ಅನುಭವ.

ಪೋರ್ಟಲ್‌ಗಳಿಗೆ ಕೊರತೆಯಿಲ್ಲ. ಕಾಣೆಯಾದ ಮಕ್ಕಳಿಗಾಗಿ ಟ್ರ್ಯಾಕ್ ಚೈಲ್ಡ್ ಮತ್ತು ಖೋಯಾ ಪಾಯಾ ಬಂದವು. ಅವನ್ನು ಮಿಷನ್ ವಾತ್ಸಲ್ಯ ಪೋರ್ಟಲ್ಲಿನೊಳಗೆ ಸೇರಿಸಲಾಯಿತು. ಆರೈಕೆ ಬೇಕಾದ ಮಕ್ಕಳ ವಿವರಕ್ಕೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಬಾಲ ಸ್ವರಾಜ್ ಇದೆ, ಮಕ್ಕಳನ್ನು ಮನೆಗೆ ಮರಳಿಸುವುದರ ನಿಗಾಕ್ಕೆ 2022ರಲ್ಲಿ ಆರಂಭವಾದ ಘರ್ ಇದೆ. ಅಂಗನವಾಡಿಗೆ ಪೋಷಣ್ ಟ್ರ್ಯಾಕರ್, ಶಾಲೆಗೆ ವಿದ್ಯಾರ್ಥಿಗಳ ವಿವರ ದಾಖಲಿಸುವ ಸ್ಯಾಟ್ಸ್. ಒಂದೇ ಮಗುವಿಗೆ ಒಂದೊಂದು ಕಡೆ ಒಂದೊಂದು ಸಂಖ್ಯೆ. ಬಾಲಮಂದಿರದ ದಾಖಲೆಯಲ್ಲಿ ಎಲ್ಲವ್ವ ಎಂದಿರುವವಳು ಶಾಲೆಯಲ್ಲಿ ಯಲ್ಲಮ್ಮ, ಆಧಾರ್‌ನಲ್ಲಿ ಯಲ್ಲವ್ವ ಆಗಿರುತ್ತಾಳೆ. ಹುಟ್ಟಿದ ದಿನಾಂಕ ಅಂದಾಜಿನದಾದ್ದರಿಂದ ಅದೂ ಮೂರು ಕಡೆ ಮೂರು ರೀತಿ ಇರುತ್ತದೆ. ಇಂಥ ಮಗುವನ್ನು ಯಂತ್ರ ಮೂರು ಬೇರೆ ಬೇರೆ ಮಕ್ಕಳೆಂದು ಎಣಿಸಿದರೆ ಆಶ್ಚರ್ಯವಿಲ್ಲ.

ಇದರ ಪರಿಣಾಮ ಏನೆಂಬುದನ್ನು ನಾನು ತರಗತಿಯಲ್ಲೇ ಕಂಡಿದ್ದೇನೆ. ನಮ್ಮ ಶಾಲೆಗೆ ವರ್ಷದ ನಡುವೆ ಪೋಷಕ ಕುಟುಂಬವೊಂದು ಹುಡುಗಿಯನ್ನು ಕರೆತಂದಿತು. ಅವರ ಕೈಯಲ್ಲಿದ್ದುದು ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಝೆರಾಕ್ಸ್ ಪ್ರತಿ ಮಾತ್ರ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುವುದರಿಂದ ಅವಳನ್ನು ಕೂಡಲೇ ಸೇರಿಸಿಕೊಂಡೆವು. ಆದರೆ ಸ್ಯಾಟ್ಸ್‌ನಲ್ಲಿ ಅವಳ ಹೆಸರು ಬೇರೊಂದು ತಾಲ್ಲೂಕಿನ ಶಾಲೆಯಲ್ಲೇ ಉಳಿದಿದ್ದರಿಂದ, ಅಲ್ಲಿ ಅವಳು ದೀರ್ಘಕಾಲ ಗೈರುಹಾಜರಾದ ವಿದ್ಯಾರ್ಥಿನಿ, ನಮ್ಮಲ್ಲಿ ದಿನವೂ ಬಂದು ಕೂತರೂ ಲೆಕ್ಕಕ್ಕೆ ಸೇರದವಳು. ಹುಡುಗಿ ಹಲಗೆಯ ಮೇಲೆ ಬರೆದದ್ದನ್ನು ಬರೆದುಕೊಳ್ಳದೆ ಸುಮ್ಮನೆ ಕೂರುತ್ತಿದ್ದಳು. ಕಲಿಕೆಯಲ್ಲಿ ಹಿಂದೆಂದು ನಾವು ಭಾವಿಸಿದ್ದೆವು. ಒಂದು ದಿನ ಸಾಕುತಾಯಿ ಬಂದು, "ಅಕ್ಕೋರ, ಇಕೀಗೆ ದೂರಿಂದು ಕಾಣಂಗಿಲ್ರೀ. ಬಾಲಮಂದಿರದಾಗ ಇದ್ದಾಗ ಕಣ್ಣು ತೋರಿಸಿ ಚಸ್ಮಾ ಬರದು ಕೊಟ್ಟಿದ್ರಂತ, ಆ ಚೀಟಿ ನಮ್ಮ ಕೈಗೆ ಬಂದೇ ಇಲ್ಲ" ಎಂದರು. ತಪಾಸಣೆ ಆಗಿತ್ತು, ಯಾವುದೋ ಕಡತದಲ್ಲಿ ದಾಖಲೂ ಆಗಿತ್ತು. ಮಗುವಿನೊಂದಿಗೆ ಆ ಕಾಗದ ಬರಲಿಲ್ಲ, ಅಷ್ಟೇ. ಅದಕ್ಕಾಗಿ ಒಂದು ಮಗು ತಿಂಗಳುಗಟ್ಟಲೆ ಮಸುಕು ಮಸುಕಾದ ಹಲಗೆಯನ್ನು ನೋಡುತ್ತ ಕೂರಬೇಕಾಯಿತು ಎಂಬುದು ನನಗೆ ಈಗಲೂ ನೋವಿನ ಸಂಗತಿ.

ನಾನು ತಿಳಿದ ಮಟ್ಟಿಗೆ ಈಗಿನ ವರದಿಗಳು ಮುಖ್ಯವಾಗಿ ಯೋಜನೆಯ ಲೆಕ್ಕ ಹೇಳುತ್ತವೆ: ಎಷ್ಟು ಫಲಾನುಭವಿಗಳು, ಎಷ್ಟು ಕಂತು ಬಿಡುಗಡೆ, ಎಷ್ಟು ವೆಚ್ಚ. ಹಣದ ಲೆಕ್ಕ ಬೇಕೇ ಬೇಕು. ಆದರೆ ಮಗು ಎಷ್ಟು ಮನೆ ಬದಲಿಸಿತು, ಯಾಕೆ ಬದಲಿಸಿತು, ನಡುವೆ ಎಷ್ಟು ತಿಂಗಳು ಶಾಲೆ ತಪ್ಪಿತು, ಅದರ ಅಣ್ಣ ತಂಗಿ ಎಲ್ಲಿದ್ದಾರೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಒಡಹುಟ್ಟಿದವರ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಬಾಲಕರ ಮತ್ತು ಬಾಲಕಿಯರ ಬಾಲಮಂದಿರಗಳು ಬೇರೆ ಬೇರೆಯಾದ್ದರಿಂದ ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ ಹೋಗುವುದು ಸಾಮಾನ್ಯ. ದಾಖಲೆಯಲ್ಲಿ ಅವರಿಬ್ಬರನ್ನು ಜೋಡಿಸುವ ಒಂದು ಸಾಲು ಇಲ್ಲದಿದ್ದರೆ, ಮುಂದೆ ಒಬ್ಬರನ್ನು ಪೋಷಕ ಕುಟುಂಬಕ್ಕೆ ಕೊಡುವಾಗ ಇನ್ನೊಬ್ಬರ ನೆನಪು ಯಾರಿಗೂ ಆಗುವುದಿಲ್ಲ. ಹಾಗೆ ಅಗಲಿದ ಮಕ್ಕಳನ್ನು ಮತ್ತೆ ಕೂಡಿಸುವುದು ಎಷ್ಟು ಕಷ್ಟವೆಂಬುದನ್ನು ಈ ಕೆಲಸದಲ್ಲಿರುವವರೆಲ್ಲ ಬಲ್ಲರು.

ದತ್ತು ಪಡೆಯುವ ಅವಧಿ ಎರಡು ವರ್ಷಕ್ಕೆ ಇಳಿದಿರುವುದರಿಂದ ದಾಖಲೆಗೆ ಕಾನೂನಿನ ತೂಕವೂ ಬಂದಿದೆ. ಮಗು ಆ ಮನೆಗೆ ಬಂದ ದಿನಾಂಕ ಯಾವುದು, ನಡುವೆ ಬೇರೆ ಮನೆಗೆ ಹೋಗಿತ್ತೇ, ಪ್ರತಿ ತಿಂಗಳ ತಪಾಸಣೆಯಲ್ಲಿ ಏನು ಕಂಡುಬಂತು ಎಂಬುದು ಖಚಿತವಾಗಿಲ್ಲದಿದ್ದರೆ ಆ ಎರಡು ವರ್ಷವನ್ನು ಎಲ್ಲಿಂದ ಎಣಿಸುವುದು? ಪೋಷಕ ಕುಟುಂಬವನ್ನು ಪ್ರತಿ ತಿಂಗಳೂ ನಿಗದಿತ ನಮೂನೆಯಲ್ಲಿ ತಪಾಸಣೆ ಮಾಡಬೇಕೆಂದು ಕಾಯ್ದೆಯೇ ಸಮಿತಿಗೆ ವಿಧಿಸಿದೆ. ಅಧ್ಯಕ್ಷರೂ ಸೇರಿ ಐವರಿರುವ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು. ಜೊತೆಗೆ ವಿಸ್ತೀರ್ಣದಲ್ಲಿ ರಾಜ್ಯಕ್ಕೇ ದೊಡ್ಡದಾದ ಬೆಳಗಾವಿ ಜಿಲ್ಲೆಯಲ್ಲಿ ತಪಾಸಣೆಗಾಗಿ ಅಥಣಿಯಿಂದ ಖಾನಾಪುರದವರೆಗೆ, ರಾಮದುರ್ಗದಿಂದ ನಿಪ್ಪಾಣಿಯವರೆಗೆ ಓಡಾಡಬೇಕು. ಮಕ್ಕಳ ರಕ್ಷಣಾ ಘಟಕದ ಕ್ಷೇತ್ರ ಸಿಬ್ಬಂದಿಯೂ ಬೆರಳೆಣಿಕೆಯಷ್ಟೇ, ಅದರಲ್ಲೂ ಗುತ್ತಿಗೆಯವರು. ಅವರ ಮೇಲೆ ಇನ್ನೂ ಐವತ್ತು ಕಾಲಂಗಳ ನಮೂನೆ ಹೇರಬೇಕೆಂದು ನಾನು ಹೇಳುತ್ತಿಲ್ಲ. ಈಗ ಕಾಗದದಲ್ಲಿ ಒಮ್ಮೆ, ಎಕ್ಸೆಲ್‌ನಲ್ಲಿ ಒಮ್ಮೆ, ಪೋರ್ಟಲ್‌ನಲ್ಲಿ ಮತ್ತೊಮ್ಮೆ ತುಂಬುವುದನ್ನು ಒಂದೇ ಸಲಕ್ಕೆ ಇಳಿಸಿದರೆ ಅವರ ಸಮಯ ಉಳಿದು ಮಗುವನ್ನು ಕಂಡು ಮಾತನಾಡಲು ಸಿಗುತ್ತದೆ. ಭೇಟಿಯ ದಿನಾಂಕದ ಜೊತೆಗೆ ಮಗುವಿನೊಂದಿಗೆ ಪ್ರತ್ಯೇಕವಾಗಿ ಮಾತನಾಡಿದರೇ ಎಂಬ ಒಂದು ಪ್ರಶ್ನೆ ಕಡ್ಡಾಯವಾಗಿರಲಿ. ಭೇಟಿ ತಪ್ಪಿದ ತಿಂಗಳು ಜಿಲ್ಲಾಧಿಕಾರಿಯವರ ಪರದೆಯ ಮೇಲೆ ತಾನಾಗಿಯೇ ಕಾಣಿಸಲಿ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಗಡಿಯ ಪ್ರಶ್ನೆಯೂ ಅಂಟಿಕೊಂಡಿದೆ. ವಿಜಯಪುರ ಮತ್ತು ಬಾಗಲಕೋಟೆಯ ತಾಂಡಾ, ಹಳ್ಳಿಗಳಿಂದ ಕಬ್ಬಿನ ಗ್ಯಾಂಗುಗಳ ಜೊತೆ, ಕಟ್ಟಡ ಕೆಲಸಕ್ಕೆ, ಮಹಾರಾಷ್ಟ್ರ ಮತ್ತು ಗೋವಾಕ್ಕೆ ಹೋಗುವ ಕುಟುಂಬಗಳ ಮಕ್ಕಳು ಮಿರಜ್‌ನಲ್ಲೋ ಮಡಗಾಂವ್‌ನಲ್ಲೋ ರಕ್ಷಣೆಗೆ ಒಳಗಾದರೆ, ಅವರನ್ನು ತವರು ಜಿಲ್ಲೆಯ ಸಮಿತಿಗೆ ಒಪ್ಪಿಸಲು ಕಾಯ್ದೆಯ 95ನೇ ಸೆಕ್ಷನ್ ದಾರಿ ಮಾಡಿದೆ. ಮಗು ಗಡಿ ದಾಟಿ ಬರುತ್ತದೆ, ಮಹಾರಾಷ್ಟ್ರದಿಂದ ಬಂದರೆ ಅದರ ಕಡತ ಮರಾಠಿಯಲ್ಲಿರುತ್ತದೆ, ಶಾಲೆಯ ವಿವರ ಆ ರಾಜ್ಯದ ಸರಳ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ಉಳಿಯುತ್ತದೆ. ಅಮೆರಿಕದಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ಮಕ್ಕಳನ್ನು ಕಳುಹಿಸುವಾಗ ಕಾಗದಗಳು ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗುತ್ತಿದ್ದವು. ಮೊದಲು ಕೆಲವೇ ರಾಜ್ಯಗಳ ನಡುವೆ ಪ್ರಾಯೋಗಿಕವಾಗಿ ಆರಂಭವಾದ ನೀಸ್ ಎಂಬ ವಿದ್ಯುನ್ಮಾನ ವಿನಿಮಯ ವ್ಯವಸ್ಥೆಗೆ 2027ರ ಅಕ್ಟೋಬರ್‌ನೊಳಗೆ ಎಲ್ಲ ರಾಜ್ಯಗಳೂ ಸೇರಬೇಕೆಂದು ಅಲ್ಲಿನ 2018ರ ಕಾಯ್ದೆ ಗಡುವು ನೀಡಿದೆ. ಬೆಳಗಾವಿ ಮತ್ತು ಕೊಲ್ಹಾಪುರ, ವಿಜಯಪುರ ಮತ್ತು ಸೊಲ್ಲಾಪುರದ ನಡುವೆ ಇಂಥದೊಂದು ಪ್ರಯೋಗ ನಡೆಯುವುದಕ್ಕೆ ಗಡಿ ವಿವಾದ ಅಡ್ಡಿಯಾಗಬೇಕಿಲ್ಲ.

ದಾಖಲೆ ಒಂದೇ ಕಡೆ ಸೇರಿದಾಗ ಅಪಾಯವೂ ಹೆಚ್ಚುತ್ತದೆ ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವಿನ ಗುರುತು ಬಹಿರಂಗಪಡಿಸುವುದು 74ನೇ ಸೆಕ್ಷನ್ ಪ್ರಕಾರ ಅಪರಾಧ. ಹಾಗಿದ್ದೂ ಆದೇಶದ ಪ್ರತಿಯನ್ನು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ರೂಢಿ ಕೆಲವೆಡೆ ಇದೆ. ಅದು ಮೊದಲು ನಿಲ್ಲಬೇಕು. ತಾಯಿ ಮಾಜಿ ದೇವದಾಸಿ, ತಂದೆ ಜೈಲಿನಲ್ಲಿದ್ದಾನೆ, ಮಗು ದೌರ್ಜನ್ಯಕ್ಕೆ ಒಳಗಾಗಿತ್ತು ಎಂಬಂಥ ವಿವರಗಳು ಸಮಿತಿಗೆ ಬೇಕು, ಶಾಲೆಗೆ ಬೇಡ. ಶಿಕ್ಷಕರಿಗೆ ಕಾಣಬೇಕಾದದ್ದು ಮಗುವಿನ ತರಗತಿ, ಆರೋಗ್ಯದ ಅಗತ್ಯ ಮತ್ತು ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬುದಷ್ಟೇ. ಯಾರು ಯಾವಾಗ ಯಾವ ಪುಟ ತೆರೆದರು ಎಂಬುದು ದಾಖಲಾಗಬೇಕು. 18 ತುಂಬಿ ಹೊರಡುವಾಗ ಆ ಯುವಕ ಅಥವಾ ಯುವತಿಯ ಕೈಗೆ ತನ್ನ ದಾಖಲೆಯ ಪೂರ್ಣ ಪ್ರತಿ ಸಿಗಬೇಕು. ಪಾಸ್‌ಪೋರ್ಟಿಗೋ ಜಾತಿ ಪ್ರಮಾಣಪತ್ರಕ್ಕೋ ಅಲೆಯುವಾಗ ತಾನು ಎಲ್ಲಿ ಬೆಳೆದೆನೆಂದು ಸಾಬೀತುಪಡಿಸಲು ಅವರಿಗೆ ಬೇರೆ ಆಸರೆ ಇರುವುದಿಲ್ಲ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹಾಗೂ ಶಾಲಾ ಶಿಕ್ಷಣ ಇಲಾಖೆ ಕೂತು ಮಾತನಾಡಿದರೆ, ಸಮಿತಿಯ ಆದೇಶದಲ್ಲೇ ಮಗುವಿನ ಸ್ಯಾಟ್ಸ್ ಸಂಖ್ಯೆ ನಮೂದಿಸಿ, ಆದೇಶವಾದ ದಿನವೇ ಹಳೆಯ ಶಾಲೆ ಮತ್ತು ಹೊಸ ಶಾಲೆ ಎರಡಕ್ಕೂ ಸೂಚನೆ ಹೋಗುವಂತೆ ಮಾಡುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. ಸುವರ್ಣ ವಿಧಾನಸೌಧದ ಮುಂದಿನ ಚಳಿಗಾಲದ ಅಧಿವೇಶನದಲ್ಲಿ ನಮ್ಮ ಭಾಗದ ಶಾಸಕರು, ಪೋಷಕ ಕುಟುಂಬಗಳಲ್ಲಿರುವ ಮಕ್ಕಳೆಷ್ಟು, ಅವರಲ್ಲಿ ಎಷ್ಟು ಮಂದಿಗೆ ಪ್ರತಿ ತಿಂಗಳ ತಪಾಸಣೆ ತಪ್ಪದೆ ನಡೆದಿದೆ, ಎಷ್ಟು ಮಂದಿ ಒಂದಕ್ಕಿಂತ ಹೆಚ್ಚು ಮನೆ ಬದಲಿಸಿದ್ದಾರೆ ಎಂಬ ಮಾಹಿತಿಯನ್ನು ಹೆಸರುಗಳಿಲ್ಲದೆ, ಜಿಲ್ಲಾವಾರು ಸದನದ ಮುಂದಿಡುವಂತೆ ಸರ್ಕಾರವನ್ನು ಕೇಳಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಗೋಕಾಕ, ಬೆಳಗಾವಿ ಜಿಲ್ಲೆ