ಮುಳುಗಿದ ಊರುಗಳ ಹೆಸರಿಗೊಂದು ಗೋಡೆ ಬೇಕು

ಮಾನ್ಯ ಸಂಪಾದಕರೇ,

ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಚಿತ್ರ ತೆಗೆಯಲು ಅಲ್ಲಿ ನಿಲ್ಲುವವರನ್ನು ಕಂಡಾಗಲೆಲ್ಲ ನನಗೆ ಇರಾಕ್‌ನ ಉತ್ತರ ಭಾಗದ ಕುರ್ದಿಸ್ತಾನದ ಒಂದು ಕೋಣೆ ನೆನಪಾಗುತ್ತದೆ. ಮಗ ಎರ್ಬಿಲ್‌ನಲ್ಲಿ ಉದ್ಯೋಗದಲ್ಲಿರುವುದರಿಂದ ಆ ಸೀಮೆಗೆ ಹೋಗಿಬರುವ ಅವಕಾಶ ನನಗೆ ಒದಗಿತು. ಇರಾಕ್ ಎಂಬ ಹೆಸರು ಕೇಳಿಯೇ ಸಾಗರದ ನೆಂಟರೆಲ್ಲ ಗಾಬರಿಗೊಂಡಿದ್ದರು. ಅಲ್ಲಿ ನಾನು ಕಂಡದ್ದು ಅಪರಿಚಿತರನ್ನೂ ಕರೆದು ಕೂರಿಸಿ, ಪುಟ್ಟ ಗಾಜಿನ ಲೋಟದಲ್ಲಿ ಚಹಾ ಕೊಡುವ ಜನರನ್ನು.

ಎರ್ಬಿಲ್‌ನ ಪುರಾತನ ಕೋಟೆ 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು, ಅದರ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯಬೇಕೆಂದಿರುವುದು ಬೆಟ್ಟಗಳ ನಡುವಿನ ಸುಲೇಮಾನಿಯಾ ನಗರದ ಬಗ್ಗೆ. 1784ರಲ್ಲಿ ಬಾಬಾನ್ ಮನೆತನದವರು ಕಟ್ಟಿದ ಈ ಊರಿನಲ್ಲಿ ‘ಅಮ್ನ ಸುರಕ’, ಅಂದರೆ ‘ಕೆಂಪು ಭದ್ರತಾ ಕಚೇರಿ’ ಎಂದು ಜನ ಕರೆಯುವ ಕಟ್ಟಡವೊಂದಿದೆ. ಸದ್ದಾಂ ಹುಸೇನನ ಕಾಲದಲ್ಲಿ ಅದು ಗುಪ್ತಚರರ ಸೆರೆಮನೆಯಾಗಿತ್ತು. 1991ರ ದಂಗೆಯಲ್ಲಿ ಕುರ್ದರ ಕೈವಶವಾಯಿತು. ಗೋಡೆಗಳ ಮೇಲಿನ ಗುಂಡಿನ ತೂತುಗಳನ್ನು ಮುಚ್ಚದೆ ಹಾಗೆಯೇ ಬಿಟ್ಟು ಅದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಒಳಹೋಗುವ ದಾರಿಯ ಎರಡೂ ಬದಿಗೆ, ಸದ್ದಾಂ ಸರ್ಕಾರ ಕುರ್ದರ ಮೇಲೆ ನಡೆಸಿದ ಅನ್ಫಾಲ್ ಎಂಬ ಸೇನಾ ಕಾರ್ಯಾಚರಣೆಯಲ್ಲಿ ಸತ್ತವರೆಂದು ಕುರ್ದರು ಲೆಕ್ಕ ಹಾಕಿರುವ 1,82,000 ಮಂದಿಗಾಗಿ ಅಷ್ಟೇ ಸಂಖ್ಯೆಯ ಕನ್ನಡಿ ಚೂರುಗಳನ್ನು ಅಂಟಿಸಿದ್ದಾರೆ. ಮೇಲ್ಛಾವಣಿಯಲ್ಲಿ, ನಾಶವಾದ ಹಳ್ಳಿಗೊಂದರಂತೆ 4,500 ಸಣ್ಣ ದೀಪಗಳು ಉರಿಯುತ್ತವೆ. ಪ್ರತಿ ಚೂರಿನಲ್ಲೂ ನಮ್ಮದೇ ಮುಖದ ಒಂದು ತುಣುಕು ಕಾಣುವುದರಿಂದ ಅಲ್ಲಿ ಯಾರೂ ಬೇಗ ಮುಂದೆ ಸಾಗಲಾರರು.

ನನ್ನ ತಾಯಿಯ ತವರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರು. ಕುರ್ದಿಸ್ತಾನದಲ್ಲಿ ನಡೆದದ್ದು ಕೊಲೆ, ನಮ್ಮಲ್ಲಿ ಆದದ್ದು ಅಣೆಕಟ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸತ್ತವರಿಗೆ ಮಾಡುವ ಅನ್ಯಾಯವಾದೀತು. ಆದರೂ, ಇಲ್ಲವಾದ ಪ್ರತಿಯೊಂದು ಹಳ್ಳಿಗೂ ಒಂದು ದೀಪ ಹಚ್ಚಿದ ಆ ಜನರ ಮುಂದೆ ನಿಂತಾಗ, 1964ರಲ್ಲಿ ಅಣೆಕಟ್ಟು ಪೂರ್ಣಗೊಂಡು ಆರು ದಶಕ ಕಳೆದರೂ ನಾಡಿಗೆ ಬೆಳಕು ಕೊಟ್ಟ ನಮ್ಮ ಊರುಗಳ ಹೆಸರುಗಳನ್ನು ಪ್ರವಾಸಿಗರ ಕಣ್ಣಿಗೆ ಬೀಳುವಂತೆ ಒಂದೆಡೆ ಬರೆದಿಟ್ಟದ್ದನ್ನು ನಾನು ಕಂಡಿಲ್ಲವಲ್ಲ ಎಂದು ಮನಸ್ಸು ನೊಂದಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ಅದನ್ನು ನೋಡಲು ಹೋಗುತ್ತಾರೆ. ಅದರ ಸುತ್ತ ಗದ್ದೆ, ಅಡಿಕೆ ತೋಟ, ಭೂತನಕಟ್ಟೆಗಳಿದ್ದವೆಂದು ಅವರಿಗೆ ಯಾರು ಹೇಳಬೇಕು? ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಹೋರಾಟ ಬೇರೆಯೇ ವಿಷಯ, ಅದು ನಡೆಯುತ್ತಲೇ ಇರಲಿ.

ನನ್ನ ಕೋರಿಕೆ ಚಿಕ್ಕದು. ಸೇತುವೆಯ ಎರಡೂ ತುದಿಗಳಾದ ಅಂಬಾರಗೋಡ್ಲು ಮತ್ತು ಕಳಸವಳ್ಳಿಯಲ್ಲಿ, ಸಾಧ್ಯವಾದರೆ ಜೋಗದಲ್ಲಿಯೂ, ಮುಳುಗಿದ ಊರು ಕೇರಿಗಳ ಹೆಸರುಗಳನ್ನು ಕೆತ್ತಿದ ಒಂದು ಕಲ್ಲುಗೋಡೆಯನ್ನು ಜಿಲ್ಲಾಡಳಿತ ಕಟ್ಟಿಸಬೇಕು. ಗ್ರಾಮಗಳ ಹೆಸರು ಕಂದಾಯ ದಾಖಲೆಗಳಲ್ಲಿ ಸಿಗುತ್ತದೆ. ಕೇರಿಗಳ, ಹೊಳೆ ದಾಟುತ್ತಿದ್ದ ಕಡವುಗಳ, ದೇವರ ಬನಗಳ ಹೆಸರು ಮಾತ್ರ ಹಿರಿಯರ ಬಾಯಲ್ಲೇ ಉಳಿದಿದೆ. ಊರು ಬಿಟ್ಟ ದಿನ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿರುವುದರಿಂದ, ಅವರ ಮನೆಗಳಿಗೆ ಹೋಗಿ ಕೇಳಿ ಬರೆದುಕೊಳ್ಳುವ ಕೆಲಸವಾದರೂ ಈ ವರ್ಷವೇ ಆರಂಭವಾಗಲಿ.

ಇಂತಿ,
ಮುಳುಗಡೆ ಕುಟುಂಬದ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ