ಸಕ್ಕರೆ ಎಷ್ಟಿದೆ ಎಂದು ಪೊಟ್ಟಣದ ಮುಂದೆ ಬರೆಸಿ: ಕೇಂದ್ರ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ತಮ್ಮ ಸಚಿವಾಲಯದ ಅಡಿಯಲ್ಲೇ ಇದೆ. ಹಾಗಾಗಿ ಲೇಬಲಿಂಗ್ ನಿಯಮಗಳನ್ನು ತಮಗೆ ಹೊಸದಾಗಿ ಹೇಳಿಕೊಡುವ ಅಗತ್ಯವಿಲ್ಲ. ಕೇಳುವುದು ಒಂದೇ. ಪೊಟ್ಟಣದ ಮುಂಭಾಗದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಮಾರುವ ಊರಿನ ಭಾಷೆಯಲ್ಲಿ, ಒಳಗೆ ಒಟ್ಟು ಎಷ್ಟು ಸಕ್ಕರೆ ಇದೆ ಎಂದು ಬರೆಸಿ.

2022ರ ಸೆಪ್ಟೆಂಬರ್‌ನಲ್ಲಿ ಆಹಾರ ಎಷ್ಟು ಆರೋಗ್ಯಕರ ಎಂದು ಪೊಟ್ಟಣದ ಮುಂದೆ ನಕ್ಷತ್ರ ಕೊಟ್ಟು ತೋರಿಸುವ ಕರಡು ನಿಯಮ ಬಂತು. 2024ರ ಜುಲೈನಲ್ಲಿ ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬಿನ ಅಂಕಿಗಳನ್ನು ದಪ್ಪಕ್ಷರದಲ್ಲಿ ಹಾಕಿಸುವ ಪ್ರಸ್ತಾವಕ್ಕೆ ಪ್ರಾಧಿಕಾರ ಒಪ್ಪಿತು. 2025ರ ಏಪ್ರಿಲ್‌ನಲ್ಲಿ ಮುಂಭಾಗದ ಲೇಬಲ್ ಬಗ್ಗೆ ಶಿಫಾರಸು ಕೊಡಲು ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟಿತು. ಆ ಗಡುವನ್ನೂ ಮುಂದಕ್ಕೆ ಹಾಕಿಸಿಕೊಂಡದ್ದಾಯಿತು. ಇನ್ನೂ ಎಷ್ಟು ದಿನ ಕಾಯಬೇಕು?

ದಯವಿಟ್ಟು ಒಂದು ಬಿಸ್ಕತ್ತಿನ ಪೊಟ್ಟಣವನ್ನು ಕೈಗೆತ್ತಿಕೊಂಡು ನೋಡಿ. ಮುಂದೆ ಗೋಧಿ ತೆನೆ, ಹಾಲಿನ ಲೋಟ, ನಗುವ ಮಗು. ಹಿಂದೆ ಉದ್ದಕ್ಕೂ ಅಂಟಿಸಿದ ಒಂದು ಮಡಿಕೆ. ಅದನ್ನು ಉಗುರಿನಿಂದ ಎತ್ತಿ ಹಿಡಿದರೆ ಪೋಷಕಾಂಶದ ಪಟ್ಟಿಯ ಅರ್ಧ ಅಲ್ಲಿ ಸಿಗುತ್ತದೆ. ಮಿರುಗುವ ಹಾಳೆಯ ಮೇಲೆ ಸಾಸಿವೆ ಗಾತ್ರದ ಅಕ್ಷರ, ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಬೆಳಕೆಲ್ಲ ಅದರ ಮೇಲೇ ಬಿದ್ದು ಏನೂ ಕಾಣುವುದಿಲ್ಲ. ಕಂಡರೂ ಇರುವುದು ಇಂಗ್ಲಿಷಿನಲ್ಲಿ. ನಿಯಮ ಕಡ್ಡಾಯ ಮಾಡಿರುವುದು ಇಂಗ್ಲಿಷ್ ಇಲ್ಲವೇ ದೇವನಾಗರಿ ಹಿಂದಿಯನ್ನು. ಉಳಿದ ಭಾಷೆಗಳನ್ನು ಬೇಕಿದ್ದರೆ ಸೇರಿಸಬಹುದು, ಅಷ್ಟೇ. ಕನ್ನಡ ಮಾತ್ರ ಓದಬಲ್ಲ ಅಜ್ಜಿ ಮೊಮ್ಮಗನಿಗೆ ಏನು ತಿನ್ನಿಸುತ್ತಿದ್ದೇನೆಂದು ತಿಳಿಯುವುದಾದರೂ ಹೇಗೆ?

ಓದಲು ಬಂದವರಿಗೂ ಲೆಕ್ಕ ಸಿಗುವುದಿಲ್ಲ. 600 ಮಿ.ಲೀ. ಬಾಟಲಿಯ ಸಿಹಿ ಸೋಡಾ ತೆಗೆದುಕೊಳ್ಳಿ. 100 ಮಿ.ಲೀ.ಗೆ 11 ಗ್ರಾಂ ಸಕ್ಕರೆ ಎಂದಿಟ್ಟುಕೊಂಡರೆ ಇಡೀ ಬಾಟಲಿಯಲ್ಲಿ 66 ಗ್ರಾಂ. ಚಹಾ ಚಮಚಕ್ಕೆ 4 ಗ್ರಾಂ ಹಿಡಿದರೆ ಹದಿನಾರೂವರೆ ಚಮಚ. ನಿಯಮದಲ್ಲೇ ಇರುವ ದಿನದ ಮಿತಿ 50 ಗ್ರಾಂ. ಆದರೆ ಒಂದು ಸರ್ವಿಂಗ್ ಎಂದರೆ 200 ಮಿ.ಲೀ. ಎಂದು ಬರೆದುಬಿಟ್ಟರೆ ಅದೇ ಬಾಟಲಿಯ ಮೇಲೆ ಕಾಣುವುದು ಶೇ 44. ಬಾಟಲಿ ತೆರೆದವರು ಮೂರನೇ ಒಂದು ಭಾಗ ಕುಡಿದು ಮುಚ್ಚಳ ಹಾಕಿ ಇಡುತ್ತಾರೆಯೇ? ಇಡೀ ಪೊಟ್ಟಣದ ಲೆಕ್ಕವನ್ನೇ ಬರೆಸಿ ಎನ್ನುವುದು ಇದಕ್ಕೇ.

ಘಟಕಾಂಶಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ಒಳ್ಳೆಯದೇ. ಅದನ್ನು ದಾಟುವ ದಾರಿಯೂ ಎಲ್ಲರಿಗೂ ಗೊತ್ತು. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಬೆಲ್ಲ ಎಂದು ನಾಲ್ಕು ಹೆಸರಿನಲ್ಲಿ ಹಂಚಿದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿದು, ಮೇಲೆ ಓಟ್ಸೋ ರಾಗಿಯೋ ಕೂರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಇನ್ನೊಂದು. ಪಿಷ್ಟವನ್ನು ಒಡೆದು ಮಾಡಿದ ಈ ಪುಡಿ ಗ್ರಾಂಗೆ 4 ಕ್ಯಾಲೊರಿ ಕೊಡುತ್ತದೆ, ರಕ್ತದ ಗ್ಲೂಕೋಸನ್ನು ಸಕ್ಕರೆಯಂತೆಯೇ ಸರ್ರನೆ ಏರಿಸುತ್ತದೆ. ಆದರೆ ಅದರ ಬಹುಪಾಲು ಉದ್ದ ಸರಪಳಿಯ ಅಣುಗಳಾದ್ದರಿಂದ ಸಕ್ಕರೆಯ ಸಾಲಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಖರ್ಜೂರದ ಪೇಸ್ಟ್ ಸುರಿದು 'ಸಕ್ಕರೆ ಸೇರಿಸಿಲ್ಲ' ಎನ್ನುವಂತಿಲ್ಲ ಎಂದು 2018ರ ಜಾಹೀರಾತು ನಿಯಮವೇ ಹೇಳುತ್ತದೆ. ಆ ನಿಯಮ ಹಿಡಿದು ಅಂಗಡಿ ಕಪಾಟಿಗೆ ಕೈ ಹಾಕುವವರು ಬೇಕು.

ಕೃತಕ ಸಿಹಿಯ ವಿಷಯದಲ್ಲಿ ಜನರನ್ನು ಹೆದರಿಸುವ ಉದ್ದೇಶ ಇಲ್ಲ. 2023ರಲ್ಲಿ ಆಸ್ಪರ್ಟೇಮನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದಾಗಲೂ ದಿನಕ್ಕೆ ದೇಹದ ಕಿಲೋ ತೂಕಕ್ಕೆ 40 ಮಿ.ಗ್ರಾಂ ಎಂಬ ಮಿತಿ ಬದಲಾಗಲಿಲ್ಲ. ಆದರೆ ಅದೇ ವರ್ಷ, ತೂಕ ಇಳಿಸಲು ಇಂಥ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಲೇಬಲ್ ಮೇಲೆ 950, 951, 955 ಎಂಬ ಸಂಖ್ಯೆ ಕಂಡವರಿಗೆ ಅಸಿಸಲ್ಫೇಮ್, ಆಸ್ಪರ್ಟೇಮ್, ಸುಕ್ರಲೋಸ್ ಎಂದು ಹೊಳೆಯುತ್ತದೆಯೇ? ಫೀನೈಲ್‌ಕೀಟೋನ್ಯೂರಿಯಾ (ಆಸ್ಪರ್ಟೇಮಿನಿಂದ ಬರುವ ಒಂದು ಅಮೈನೊ ಆಮ್ಲವನ್ನು ದೇಹ ಅರಗಿಸಿಕೊಳ್ಳಲಾಗದ ಹುಟ್ಟುಕಾಯಿಲೆ) ಇರುವ ಮಗುವಿನ ತಾಯಿಗೆ ಆ 951 ಪ್ರಾಣದಷ್ಟು ಮುಖ್ಯವಾದ ಸಂಗತಿ. ಮೆಕ್ಸಿಕೋ 2020ರಿಂದ ಮುಂಭಾಗದಲ್ಲೇ 'ಸಿಹಿಕಾರಕ ಇದೆ, ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ' ಎಂದು ಬರೆಸುತ್ತಿದೆ. ನಮ್ಮಲ್ಲೂ ಮುಂದೆಯೇ ಬರಲಿ.

ಈಗ ಒಆರ್‌ಎಸ್, ಅಂದರೆ ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಲವಣ-ಗ್ಲೂಕೋಸ್ ಪುಡಿಯ ವಿಷಯ. ಇದನ್ನು ನೆನೆದರೆ ವಿನಯದಿಂದ ಬರೆಯುವುದು ಕಷ್ಟ. ನಿಜವಾದ ಒಆರ್‌ಎಸ್ ಪುಡಿಯಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಒಟ್ಟು 20.5 ಗ್ರಾಂ. ಗ್ಲೂಕೋಸೂ ಸೋಡಿಯಮ್ಮೂ ಸರಿಯಾದ ಪ್ರಮಾಣದಲ್ಲಿದ್ದಾಗ ಕರುಳು ಎರಡನ್ನೂ ಜೊತೆಗೆ ಹೀರಿಕೊಳ್ಳುತ್ತದೆ, ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಸಕ್ಕರೆ ಅತಿಯಾದರೆ ಆಗುವುದು ತಿರುಗುಮುರುಗು. ದೇಹದ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಲೀಟರಿಗೆ ನೂರು ಗ್ರಾಂ ದಾಟುವಷ್ಟು ಸಕ್ಕರೆ ಇದ್ದ ಪಾನೀಯಗಳು ಇದೇ ಒಆರ್‌ಎಸ್ ಹೆಸರು ಹೊತ್ತು ಔಷಧಿ ಅಂಗಡಿಯಲ್ಲಿ ಮಾರಾಟವಾದವು. 2022ರ ಏಪ್ರಿಲ್‌ನಲ್ಲಿ ಪ್ರಾಧಿಕಾರ ಬೇಡ ಎಂದಿತು, ಜುಲೈನಲ್ಲಿ 'ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಒಆರ್‌ಎಸ್ ಅಲ್ಲ' ಎಂಬ ಒಂದು ಸಾಲಿನ ಸೂಚನೆ ಹಾಕಿದರೆ ಸಾಕು ಎಂದು ಬಿಟ್ಟುಕೊಟ್ಟಿತು. ಮೂರು ವರ್ಷ ಹಾಗೇ ನಡೆಯಿತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆ ಅನುಮತಿ ರದ್ದಾಯಿತು. ಭೇದಿಯಿಂದ ಬಳಲಿದ ಮಗುವಿಗೆ ಔಷಧಿಯೆಂದು ಸಕ್ಕರೆ ನೀರು ಕುಡಿಸಿದ ತಂದೆತಾಯಿಯರಿಗೆ ಯಾರು ಉತ್ತರ ಹೇಳುತ್ತಾರೆ? ಸಣ್ಣಕ್ಷರದ ಸೂಚನೆಯಿಂದ ಯಾರೂ ಎಚ್ಚರಗೊಳ್ಳುವುದಿಲ್ಲ ಎನ್ನಲು ಇನ್ನೆಂಥ ಸಾಕ್ಷಿ ಬೇಕು?

ನಕ್ಷತ್ರ ಬೇಡ. ಆ ಕರಡಿನಲ್ಲಿ ನಾರು, ಪ್ರೋಟೀನು, ಹಣ್ಣು-ತರಕಾರಿಗೆ ಸಿಗುವ ಅಂಕ ಸಕ್ಕರೆಯ ತಪ್ಪನ್ನು ತೊಳೆದುಹಾಕುತ್ತದೆ. ಎರಡು ನಕ್ಷತ್ರ ಕಂಡವರು ಪರವಾಗಿಲ್ಲ ಎಂದೇ ಕೊಳ್ಳುತ್ತಾರೆ. ಚಿಲಿ 2016ರಲ್ಲೇ ಕಪ್ಪು ಅಷ್ಟಭುಜದೊಳಗೆ 'ಸಕ್ಕರೆ ಹೆಚ್ಚು' ಎಂದು ಬರೆಸಿತು. ಅಕ್ಷರ ಬಾರದ ಮಗುವೂ ಆ ಕಪ್ಪು ಗುರುತನ್ನು ಗುರುತಿಸುತ್ತದೆ. ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ದೇಶ ನಮ್ಮದು, ಆ ಅಂದಾಜು ಬಂದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ಅಧ್ಯಯನದಿಂದಲೇ.

ಆದ್ದರಿಂದ ಮತ್ತೊಮ್ಮೆ: ಮುಂಭಾಗದಲ್ಲಿ ಕಪ್ಪು ಎಚ್ಚರಿಕೆ, ಅದರ ಪಕ್ಕದಲ್ಲೇ ಇಡೀ ಪೊಟ್ಟಣದ ಸಕ್ಕರೆ ಗ್ರಾಂನಲ್ಲೂ ಚಮಚದಲ್ಲೂ, ಸಿಹಿಕಾರಕದ ಹೆಸರು ಅಕ್ಷರದಲ್ಲಿ. ಕರ್ನಾಟಕದಲ್ಲಿ ಮಾರುವುದಾದರೆ ಇದೆಲ್ಲ ಕನ್ನಡದಲ್ಲಿ. ಲೇಬಲ್ ತಿದ್ದುಪಡಿಗಳನ್ನು ಜುಲೈ 1ರಿಂದ ಜಾರಿಗೆ ತರುವ ರೂಢಿ ಪ್ರಾಧಿಕಾರದಲ್ಲಿ ಇದ್ದೇ ಇದೆ. ಯಾವ ವರ್ಷದ ಜುಲೈ 1 ಎಂಬುದನ್ನು ಲಿಖಿತವಾಗಿ ತಿಳಿಸಿ.

ಇಂತಿ,
ಕರ್ನಾಟಕದ ಒಬ್ಬ ಗ್ರಾಹಕ